ಸೊಳ್ಳೆಯೊಳಗಿನ ಸ್ವಾರ್ಥಿ

2024ರಲ್ಲಿ ರಾಜ್ಯದ ಡೆಂಗಿ ಪ್ರಕರಣಗಳು 25 ಸಾವಿರ ದಾಟಿದಾಗ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಜೊತೆಗೆ ಸೊಳ್ಳೆ ಮರಿಗಳಿಗೆ ಜಾಗ ಕೊಟ್ಟವರಿಗೆ ದಂಡವನ್ನೂ ಗೊತ್ತುಮಾಡಿತು. ಪೇಟೆಯ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಇದಕ್ಕೆ ಏಳು ವರ್ಷ ಮೊದಲು, 2017ರಲ್ಲಿ, ಇಂಡೊನೇಷ್ಯಾದ ಯೋಗ್ಯಕರ್ತಾ ನಗರದಲ್ಲಿ ಜನ ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿದ್ದರು. ತಮ್ಮ ಅಂಗಳದ ಮೂಲೆಯಲ್ಲಿ ಮುಚ್ಚಳವಿರುವ ಬಕೆಟ್ ಇಡಲು ಒಪ್ಪಿಕೊಂಡರು. ಅದರಲ್ಲಿ ನೀರು, ಮೀನಿನ ಆಹಾರದ ಒಂದಿಷ್ಟು ಚೂರು, ಮತ್ತು ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆಯದೇ ಮೊಟ್ಟೆಗಳು. ಎರಡು ವಾರಕ್ಕೊಮ್ಮೆ ಯಾರೋ ಬಂದು ಹಳೆಯದನ್ನು ಒಯ್ದು ಹೊಸ ಮೊಟ್ಟೆ ಇಟ್ಟುಹೋಗುತ್ತಿದ್ದರು. ಬಕೆಟಿನ ತೂತುಗಳಿಂದ ಸೊಳ್ಳೆಗಳು ಹಾರಿ ಊರಿನ ಸೊಳ್ಳೆಗಳ ಜೊತೆ ಸೇರಿಕೊಳ್ಳುತ್ತಿದ್ದವು.

ಆ ಪ್ರಯೋಗದ ಫಲಿತಾಂಶ 2021ರ ಜೂನ್‌ನಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು. ಬಕೆಟ್ ಇಟ್ಟ ಬಡಾವಣೆಗಳಲ್ಲಿ ಡೆಂಗಿ ಶೇ 77ರಷ್ಟು ಕಡಿಮೆಯಾಗಿತ್ತು. ಡೆಂಗಿಯಿಂದ ಆಸ್ಪತ್ರೆ ಸೇರುವವರ ಪ್ರಮಾಣ ಶೇ 86ರಷ್ಟು ಇಳಿದಿತ್ತು. ಸೊಳ್ಳೆ ಬಿಟ್ಟು ಸೊಳ್ಳೆರೋಗ ಇಳಿಸಿದ ಈ ಕೆಲಸದ ಹಿಂದೆ ಯಾವ ವಿಷವೂ ಇಲ್ಲ, ವಂಶವಾಹಿ ತಿದ್ದುಪಡಿಯೂ ಇಲ್ಲ. ಇರುವುದು ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಮತ್ತು ಅದರ ಅಪ್ಪಟ ಸ್ವಾರ್ಥ.

ಹಾರ್ವರ್ಡ್‌ನ ಮಾರ್ಷಲ್ ಹರ್ಟಿಗ್ ಮತ್ತು ಬರ್ಟ್ ವೊಲ್ಬಾಕ್ 1924ರಲ್ಲಿ ಕ್ಯೂಲೆಕ್ಸ್ ಸೊಳ್ಳೆಯ ಜನನಾಂಗದ ಜೀವಕೋಶಗಳಲ್ಲಿ ಮೊದಲ ಬಾರಿ ಇದನ್ನು ಕಂಡರು. ರೋಗ ತರುವ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾಗಳನ್ನು ಹುಡುಕುತ್ತಿದ್ದ ಅವರಿಗೆ ಯಾವ ರೋಗವನ್ನೂ ತರದ ಇದು ಅಷ್ಟೇನೂ ಮುಖ್ಯವೆನಿಸಲಿಲ್ಲ. 1936ರಲ್ಲಿ ಹರ್ಟಿಗ್ ಅದಕ್ಕೆ ಸಹೋದ್ಯೋಗಿಯ ಹೆಸರಿಟ್ಟರು. ಆಮೇಲೆ ದಶಕಗಳ ಕಾಲ ಅದನ್ನು ಕೇಳಿದವರಿಲ್ಲ. ಇವತ್ತಿನ ಅಂದಾಜಿನಂತೆ ಭೂಮಿಯ ಮೇಲಿನ ಕೀಟ ಪ್ರಭೇದಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ವೊಲ್ಬಾಕಿಯಾ ಇದೆ. ಚಿಟ್ಟೆ, ಜೀರುಂಡೆ, ಕಣಜ, ಹಣ್ಣಿನ ನೊಣ, ಎಲ್ಲದರಲ್ಲೂ.

ಈ ಬ್ಯಾಕ್ಟೀರಿಯಾದ ಬದುಕಿನ ಷರತ್ತು ಒಂದೇ. ಜೀವಕೋಶದ ಹೊರಗೆ ಅದು ಬಾಳಲಾರದು. ಕೆಮ್ಮಿನಲ್ಲಿ, ನೀರಿನಲ್ಲಿ, ಕಡಿತದಲ್ಲಿ ಹರಡಲಾರದು. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಲು ಇರುವ ದಾರಿ ತಾಯಿಯ ಅಂಡಾಣು ಮಾತ್ರ. ಕರಾವಳಿಯ ಅಳಿಯಕಟ್ಟಿನ ಆಸ್ತಿಯಂತೆ ಇದು ಇಳಿಯುವುದು ಹೆಣ್ಣಿನ ಸಾಲಿನಲ್ಲಿ. ವೀರ್ಯಾಣು ತೀರಾ ಚಿಕ್ಕದು, ಅದರಲ್ಲಿ ಬ್ಯಾಕ್ಟೀರಿಯಾ ಹಿಡಿಸುವಷ್ಟು ಜಾಗವಿಲ್ಲ. ಹಾಗಾಗಿ ವೊಲ್ಬಾಕಿಯಾ ಪಾಲಿಗೆ ಗಂಡು ಎಂದರೆ ಮುಚ್ಚಿದ ದಾರಿ. ಗಂಡಿನ ದೇಹ ಸೇರಿದ ಬ್ಯಾಕ್ಟೀರಿಯಾ ಆ ಗಂಡಿನೊಂದಿಗೇ ಕೊನೆಯಾಗುತ್ತದೆ.

ಅದರ ಮಿಕ್ಕೆಲ್ಲ ಆಟವೂ ಈ ಒಂದು ಕೊರತೆಯಿಂದ ಹುಟ್ಟಿದ್ದು. ಕೆಲವು ಜೀವಿಗಳಲ್ಲಿ ಅದು ಗಂಡು ಮರಿಗಳನ್ನು ಮೊಟ್ಟೆಯಲ್ಲೇ ಕೊಲ್ಲುತ್ತದೆ. ಪಿಲ್‌ಬಗ್ ಎಂಬ, ಮುಟ್ಟಿದರೆ ಗುಂಡಗೆ ಸುರುಟಿಕೊಳ್ಳುವ ಪುಟ್ಟ ಪ್ರಾಣಿಯಲ್ಲಿ ಗಂಡಾಗಬೇಕಾದದ್ದನ್ನು ಹೆಣ್ಣಾಗಿಸುತ್ತದೆ. ಟ್ರೈಕೊಗ್ರಾಮ ಕಣಜ ನಮ್ಮ ಕಬ್ಬು ಬೆಳೆಗಾರರಿಗೆ ಹೊಸದಲ್ಲ. ಕಾಂಡಕೊರಕದ ಮೊಟ್ಟೆಗಳನ್ನು ನಾಶಮಾಡಲು ಅದರ ಕಾರ್ಡುಗಳನ್ನು ಗರಿಗಳಿಗೆ ಸಿಕ್ಕಿಸುತ್ತಾರೆ. ಆ ಕುಲದ ಕೆಲವು ಕಣಜಗಳಲ್ಲಿ ವೊಲ್ಬಾಕಿಯಾ ಗಂಡಿನ ಹಂಗನ್ನೇ ತೆಗೆದುಹಾಕಿದೆ. ತಾಯಿ ಒಬ್ಬಳೇ ಹೆಣ್ಣುಮಕ್ಕಳನ್ನು ಹೆರುತ್ತಾಳೆ. 1990ರಲ್ಲಿ ಸಂಶೋಧಕರು ಅಂಥ ಕಣಜಗಳಿಗೆ ಆಂಟಿಬಯಾಟಿಕ್ ತಿನ್ನಿಸಿದಾಗ ಗಂಡುಗಳು ಮತ್ತೆ ಹುಟ್ಟಿದವು! ಒಂದು ಜೀವಿಯಲ್ಲಿ ಗಂಡು ಹುಟ್ಟಬೇಕೋ ಬೇಡವೋ ಎಂಬುದನ್ನು ಅದರೊಳಗಿನ ಸೂಕ್ಷ್ಮಜೀವಿ ತೀರ್ಮಾನಿಸುತ್ತಿತ್ತು ಎಂದಾಯಿತು.

ಆತಿಥೇಯ ಜೀವಿ ಸುಮ್ಮನೆ ಕೂರುವುದಿಲ್ಲ ಎಂಬುದಕ್ಕೆ ಸಮೋವಾ ದ್ವೀಪಗಳ ಒಂದು ಚಿಟ್ಟೆ ಸಾಕ್ಷಿ. ಹೈಪೊಲಿಮ್ನಾಸ್ ಬೊಲಿನಾ ಎಂಬ ಈ ಚಿಟ್ಟೆ ನಮ್ಮ ಪಶ್ಚಿಮಘಟ್ಟದಲ್ಲೂ ಹಾರಾಡುತ್ತದೆ. 2001ರಲ್ಲಿ ಸಮೋವಾದಲ್ಲಿ ನೂರು ಚಿಟ್ಟೆಗಳಲ್ಲಿ ಗಂಡು ಒಂದೇ ಒಂದು. ಉಳಿದ ಗಂಡುಗಳನ್ನೆಲ್ಲ ವೊಲ್ಬಾಕಿಯಾ ಮೊಟ್ಟೆಯಲ್ಲೇ ಮುಗಿಸಿತ್ತು. ಐದೇ ವರ್ಷಗಳ ನಂತರ ಹೋಗಿ ನೋಡಿದರೆ ಗಂಡುಗಳ ಪ್ರಮಾಣ ಶೇ 40ರ ಹತ್ತಿರ ಬಂದಿತ್ತು. ಬ್ಯಾಕ್ಟೀರಿಯಾ ಮಾಯವಾಗಿರಲಿಲ್ಲ. ಅದರ ಕೈ ಕಟ್ಟಿಹಾಕುವ ವಂಶವಾಹಿಯೊಂದು ಚಿಟ್ಟೆಗಳಲ್ಲಿ ಸುಮಾರು ಹತ್ತು ತಲೆಮಾರುಗಳೊಳಗೆ ಹಬ್ಬಿತ್ತು. ವಿಕಾಸಕ್ಕೆ ಲಕ್ಷಾಂತರ ವರ್ಷ ಬೇಕು ಎನ್ನುವವರು ಈ ಐದು ವರ್ಷಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಅಪ್ಪನ ವಿಷ, ಅಮ್ಮನ ಮದ್ದು

ಸೊಳ್ಳೆಗಳಲ್ಲಿ ವೊಲ್ಬಾಕಿಯಾ ಆಡುವ ಆಟ ಇವೆಲ್ಲಕ್ಕಿಂತ ನಾಜೂಕಿನದು. ಅಲ್ಲಿ ಅದು ಗಂಡನ್ನು ಕೊಲ್ಲುವುದಿಲ್ಲ, ಆಯುಧ ಮಾಡಿಕೊಳ್ಳುತ್ತದೆ.

ವೊಲ್ಬಾಕಿಯಾ ಇರುವ ಗಂಡು, ಅದು ಇಲ್ಲದ ಹೆಣ್ಣಿನ ಜೊತೆ ಕೂಡಿದರೆ ಇಟ್ಟ ಮೊಟ್ಟೆ ಒಡೆಯುವುದಿಲ್ಲ. ಭ್ರೂಣದ ಮೊದಲ ವಿಭಜನೆಯಲ್ಲೇ ತಂದೆಯ ವರ್ಣತಂತುಗಳು ಎಡವಟ್ಟಾಗಿ ಎಲ್ಲವೂ ನಿಂತುಹೋಗುತ್ತದೆ. ಅದೇ ಗಂಡು ವೊಲ್ಬಾಕಿಯಾ ಇರುವ ಹೆಣ್ಣಿನ ಜೊತೆ ಕೂಡಿದರೆ ಮೊಟ್ಟೆಗಳು ಸಲೀಸಾಗಿ ಒಡೆಯುತ್ತವೆ. ವೊಲ್ಬಾಕಿಯಾ ಇರುವ ಹೆಣ್ಣು ಇಲ್ಲದ ಗಂಡನ್ನು ಕೂಡಿದರೂ ಬಾಧಕವಿಲ್ಲ. ಲೆಕ್ಕ ಹಾಕಿ ನೋಡಿ: ಬ್ಯಾಕ್ಟೀರಿಯಾ ಹೊತ್ತ ಹೆಣ್ಣಿಗೆ ಯಾವ ಗಂಡಾದರೂ ಸರಿ. ಹೊರದ ಹೆಣ್ಣಿಗೆ ಅರ್ಧ ಊರು ನಿಷಿದ್ಧ. ಹೊತ್ತವರ ಸಂತಾನ ಹೆಚ್ಚುತ್ತ, ಹೊರದವರ ಸಂತಾನ ಕರಗುತ್ತ ಹೋಗುತ್ತದೆ. ಬ್ಯಾಕ್ಟೀರಿಯಾ ತನ್ನ ಆತಿಥೇಯನಿಗೆ ಎಳ್ಳಷ್ಟೂ ಉಪಕಾರ ಮಾಡದೆ, ಉಳಿದವರ ಸಂಸಾರ ಕೆಡಿಸಿಯೇ ಊರೆಲ್ಲ ಹಬ್ಬಬಲ್ಲದು. ಕ್ಯಾಲಿಫೋರ್ನಿಯಾದಲ್ಲಿ ಒಂದು ಬಗೆಯ ಹಣ್ಣಿನ ನೊಣದಲ್ಲಿ ಅದು ಹೀಗೆ ವರ್ಷಕ್ಕೆ 100 ಕಿಲೊಮೀಟರ್‌ಗೂ ಮಿಗಿಲಾಗಿ ಹರಡಿದ್ದನ್ನು 1990ರ ಆಸುಪಾಸಿನಲ್ಲಿ ದಾಖಲಿಸಿದ್ದಾರೆ.

ಇದು ನಡೆಯುವುದು ಹೇಗೆ ಎಂಬುದು ಬಹುಕಾಲ ಒಗಟಾಗಿತ್ತು. ಸಿಫ್ ಎಂದು ಕರೆಯುವ ಜೋಡಿ ವಂಶವಾಹಿಗಳನ್ನು 2017ರಲ್ಲಿ ಅಮೆರಿಕದ ಎರಡು ತಂಡಗಳು, ಒಂದು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ್ದು, ಇನ್ನೊಂದು ಯೇಲ್‌ನದು, ಬೇರೆಬೇರೆಯಾಗಿ ಗುರುತಿಸಿದವು. ಸ್ಥೂಲವಾಗಿ ಹೇಳುವುದಾದರೆ ಗಂಡಿನ ವೀರ್ಯಾಣುವಿನ ಮೂಲಕ ಮೊಟ್ಟೆಗೆ ವಿಷ ಹೋಗುತ್ತದೆ. ವೊಲ್ಬಾಕಿಯಾ ಇರುವ ತಾಯಿಯ ಮೊಟ್ಟೆಯಲ್ಲಿ ಮಾತ್ರ ಅದಕ್ಕೆ ಮದ್ದು ಇರುತ್ತದೆ. ಇನ್ನೊಂದು ಸ್ವಾರಸ್ಯ ಕೇಳಿ. ಈ ವಂಶವಾಹಿಗಳು ಮೂಲತಃ ಬ್ಯಾಕ್ಟೀರಿಯಾದವೂ ಅಲ್ಲ. ವೊಲ್ಬಾಕಿಯಾದ ಜೀನೋಮಿನೊಳಗೆ ಬಂದು ಕೂತಿರುವ ಒಂದು ವೈರಸ್ಸಿನ ಭಾಗದಲ್ಲಿ ಅವು ಇವೆ. ಸೊಳ್ಳೆಯೊಳಗೆ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾದೊಳಗೆ ವೈರಸ್. ಆಟ ಆಡಿಸುತ್ತಿರುವವರು ಯಾರು ಎಂದು ಖಚಿತವಾಗಿ ಹೇಳುವುದು ಕಷ್ಟ.

ಕಾರಣ ತಿಳಿಯುವ ಮೊದಲೇ ಇದನ್ನು ಬಳಸಿಕೊಂಡವರೂ ಉಂಟು. ಜರ್ಮನಿಯ ಹಾನೆಸ್ ಲಾವನ್ 1967ರಲ್ಲಿ ಬರ್ಮಾದ ರಂಗೂನ್ ಬಳಿಯ ಒಕ್ಪೊ ಎಂಬ ಹಳ್ಳಿಯಲ್ಲಿ, ಅಲ್ಲಿನ ಹೆಣ್ಣುಗಳಿಗೆ ಹೊಂದದ ಕ್ಯೂಲೆಕ್ಸ್ ಗಂಡು ಸೊಳ್ಳೆಗಳನ್ನು ದಿನವೂ ಸಾವಿರಗಟ್ಟಲೆ ಬಿಟ್ಟರು. ಮೂರು ತಿಂಗಳಲ್ಲಿ ಆ ಹಳ್ಳಿಯ ಸೊಳ್ಳೆ ಮೊಟ್ಟೆಗಳು ಒಡೆಯುವುದೇ ನಿಂತಿತು. ಈ ಹೊಂದಾಣಿಕೆಗೇಡಿಗೆ ವೊಲ್ಬಾಕಿಯಾವೇ ಕಾರಣ ಎಂದು ಕ್ಯಾಲಿಫೋರ್ನಿಯಾದ ಜಾನಿಸ್ ಯೆನ್ ಮತ್ತು ರಾಲ್ಫ್ ಬಾರ್ ತೋರಿಸಿದ್ದು 1971ರಲ್ಲಿ.

ಲೆಕ್ಕ ತಪ್ಪಿ ಸಿಕ್ಕ ಉತ್ತರ

ಡೆಂಗಿ ಸೊಳ್ಳೆಯಲ್ಲಿ ವೊಲ್ಬಾಕಿಯಾ ಸಹಜವಾಗಿ ಇಲ್ಲ. ಅದನ್ನು ಅಲ್ಲಿಗೆ ಸೇರಿಸಲು ಆಸ್ಟ್ರೇಲಿಯಾದ ಸ್ಕಾಟ್ ಓನೀಲ್ ಹೊರಟಾಗ ಅವರ ಲೆಕ್ಕಾಚಾರ ಬೇರೆಯೇ ಇತ್ತು. ಡೆಂಗಿ ರೋಗಿಯ ರಕ್ತ ಹೀರಿದ ಸೊಳ್ಳೆ ತಕ್ಷಣ ರೋಗ ಹರಡಲಾರದು. ವೈರಸ್ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ಬರಲು ಸುಮಾರು ಹತ್ತು ದಿನ ಬೇಕು. ಅಂದರೆ ಅಪಾಯ ಇರುವುದು ಮುದಿ ಸೊಳ್ಳೆಗಳಿಂದ. ಸೊಳ್ಳೆಯ ಆಯುಸ್ಸನ್ನು ಅರ್ಧಕ್ಕೆ ಇಳಿಸಿದರೆ? ಹಣ್ಣಿನ ನೊಣದ ಜೀವಕೋಶಗಳಲ್ಲಿ ಕಿಕ್ಕಿರಿದು ತುಂಬಿ ಅದನ್ನು ಬೇಗ ಸಾಯಿಸುವ ವೊಲ್ಬಾಕಿಯಾ ತಳಿಯೊಂದು 1997ರಲ್ಲೇ ಪತ್ತೆಯಾಗಿತ್ತು. ಅದಕ್ಕೆ 'ಪಾಪ್‌ಕಾರ್ನ್' ಎಂದೇ ಹೆಸರು. ಆ ಬ್ಯಾಕ್ಟೀರಿಯಾವನ್ನು ಸಾಸಿವೆಗಿಂತ ಚಿಕ್ಕದಾದ ಸೊಳ್ಳೆ ಮೊಟ್ಟೆಗಳಿಗೆ ಗಾಜಿನ ಸೂಜಿಯಿಂದ ಚುಚ್ಚಿ ಸೇರಿಸುವುದು ವರ್ಷಗಟ್ಟಲೆಯ ಕೆಲಸ. ಚುಚ್ಚಿದ ಬಹುಪಾಲು ಮೊಟ್ಟೆಗಳು ಸತ್ತವು. ಕೊನೆಗೂ ನೆಲೆನಿಂತ ತಳಿ ಸಿಕ್ಕಿತೆಂದು 2009ರಲ್ಲಿ ಪ್ರಕಟಿಸಿದರು. ಆದರೆ ಆ ತಳಿ ಸೊಳ್ಳೆಯನ್ನು ಎಷ್ಟು ಹಣ್ಣುಮಾಡುತ್ತಿತ್ತೆಂದರೆ, ಹೊರಗೆ ಬಿಟ್ಟಾಗ ಊರಿನ ಸೊಳ್ಳೆಗಳೆದುರು ಅದು ಉಳಿಯಲಿಲ್ಲ.

ಅಷ್ಟರಲ್ಲಿ ಯಾರೂ ಎಣಿಸದ ಸಂಗತಿಯೊಂದು ಬೆಳಕಿಗೆ ಬಂತು. ವೊಲ್ಬಾಕಿಯಾ ಇರುವ ಹಣ್ಣಿನ ನೊಣಗಳಿಗೆ ವೈರಸ್ ಸೋಂಕು ಅಷ್ಟಾಗಿ ನಾಟುವುದಿಲ್ಲ ಎಂದು 2008ರಲ್ಲಿ ಎರಡು ತಂಡಗಳು ಕಂಡುಕೊಂಡವು. ಸೊಳ್ಳೆಯಲ್ಲೂ ಹಾಗೇ ಇರಬಹುದೇ ಎಂದು ನೋಡಿದರೆ, ಡೆಂಗಿ ವೈರಸ್ಸೂ ಚಿಕೂನ್‌ಗುನ್ಯಾ ವೈರಸ್ಸೂ ವೊಲ್ಬಾಕಿಯಾ ಇರುವ ಈಡಿಸ್ ಸೊಳ್ಳೆಯೊಳಗೆ ಬೆಳೆಯಲು ಒದ್ದಾಡಿದವು. ಸೊಳ್ಳೆಯನ್ನು ಬೇಗ ಕೊಲ್ಲಬೇಕೆಂದಿಲ್ಲ, ಅದು ಬದುಕಿಯೇ ಇರಲಿ, ವೈರಸ್ ಮಾತ್ರ ದಾಟದಿದ್ದರೆ ಸಾಕು! ಹಣ್ಣಿನ ನೊಣದಿಂದ ತೆಗೆದ ಸಾಧು ತಳಿಯೊಂದನ್ನು ಸೇರಿಸಿದ ಸೊಳ್ಳೆಗಳನ್ನು 2011ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕೇರ್ನ್ಸ್ ಬಳಿಯ ಎರಡು ಊರುಗಳಲ್ಲಿ ಬಿಟ್ಟರು. ಕೆಲವೇ ತಿಂಗಳಲ್ಲಿ ಅಲ್ಲಿನ ಬಹುತೇಕ ಎಲ್ಲ ಈಡಿಸ್ ಸೊಳ್ಳೆಗಳೂ ವೊಲ್ಬಾಕಿಯಾ ಹೊತ್ತವು. ಮುಂದೆ ಯಾರೂ ಬಿಡುವ ಅಗತ್ಯವಿರಲಿಲ್ಲ. ಬ್ಯಾಕ್ಟೀರಿಯಾ ತನ್ನ ವಂಶ ಬೆಳೆಸುವ ಚಪಲದಲ್ಲಿ ತಾನೇ ಆ ಕೆಲಸ ವಹಿಸಿಕೊಂಡಿತ್ತು.

ವೈರಸ್ಸಿಗೆ ಅದು ಅಡ್ಡ ನಿಲ್ಲುವುದೇಕೆ? ಸೊಳ್ಳೆಯ ಮೇಲಿನ ಅಕ್ಕರೆಯಿಂದಲ್ಲ, ಮನುಷ್ಯರ ಮೇಲಿನ ಕರುಣೆಯಿಂದಂತೂ ಅಲ್ಲವೇ ಅಲ್ಲ. ಒಂದು ವಿವರಣೆ ಊಟದ ಜಗಳದ್ದು. ಕೊಲೆಸ್ಟರಾಲನ್ನು ತಾನೇ ತಯಾರಿಸಿಕೊಳ್ಳಲಾರದ ವೊಲ್ಬಾಕಿಯಾ ಅದನ್ನು ಆತಿಥೇಯ ಜೀವಕೋಶದಿಂದ ಎತ್ತಿಕೊಳ್ಳುತ್ತದೆ. ವೈರಸ್ ಮರಿ ಮಾಡಲೂ ಅದೇ ಬೇಕು. ಹಣ್ಣಿನ ನೊಣಗಳಿಗೆ ಕೊಲೆಸ್ಟರಾಲ್ ಹೆಚ್ಚಿರುವ ಆಹಾರ ಕೊಟ್ಟಾಗ ವೈರಸ್ ತಡೆ ಸಡಿಲಗೊಂಡದ್ದು ಈ ವಾದಕ್ಕೆ ಬಲ ಕೊಟ್ಟಿದೆ. ಹೊಸ ಅತಿಥಿ ಬಂದಾಗ ಸೊಳ್ಳೆಯ ರೋಗನಿರೋಧಕ ವ್ಯವಸ್ಥೆ ಸದಾ ಎಚ್ಚರವಾಗಿರುತ್ತದೆ ಎನ್ನುವುದು ಇನ್ನೊಂದು ವಾದ. ಹಳೆಯ ಸಂಬಂಧದಲ್ಲಿ ಈ ತಡೆ ಅಷ್ಟು ಗಟ್ಟಿಯಿಲ್ಲ ಎಂಬುದನ್ನೂ ಹೇಳಬೇಕು. ಕರಾವಳಿ ಮತ್ತು ಮಲೆನಾಡಿನ ರಬ್ಬರ್ ಚಿಪ್ಪುಗಳಲ್ಲಿ, ಬಿದ್ದ ಅಡಿಕೆ ಹಾಳೆಗಳಲ್ಲಿ ಹುಟ್ಟುವ ಈಡಿಸ್ ಆಲ್ಬೊಪಿಕ್ಟಸ್ ಸೊಳ್ಳೆಯಲ್ಲಿ ವೊಲ್ಬಾಕಿಯಾ ತಲೆತಲಾಂತರದಿಂದ ಇದೆ. ಆದರೂ ಅದು ಡೆಂಗಿ ಹರಡುತ್ತದೆ.

ಯೋಗ್ಯಕರ್ತಾದ ಪ್ರಯೋಗ ದೊಡ್ಡದೆನ್ನಿಸುವುದು ಅದರ ಶಿಸ್ತಿಗಾಗಿ. ಗಜಾ ಮಾದಾ ವಿಶ್ವವಿದ್ಯಾಲಯದ ಆದಿ ಉತಾರಿನಿ ನೇತೃತ್ವದಲ್ಲಿ, ಸುಮಾರು ಮೂರು ಲಕ್ಷ ಜನರಿರುವ ಪ್ರದೇಶವನ್ನು 24 ತುಂಡು ಮಾಡಿ, ಚೀಟಿ ಎತ್ತಿದಂತೆ ಹನ್ನೆರಡನ್ನು ಆರಿಸಿ ಅಲ್ಲಿ ಮಾತ್ರ ಮೊಟ್ಟೆಯ ಬಕೆಟ್ ಇಟ್ಟರು. ಆಮೇಲೆ ಜ್ವರವೆಂದು ದವಾಖಾನೆಗೆ ಬಂದವರ ರಕ್ತ ಪರೀಕ್ಷಿಸುತ್ತ ಹೋದರು. ಬಕೆಟ್ ಇಟ್ಟ ಕಡೆಯ 2,905 ಜ್ವರಪೀಡಿತರಲ್ಲಿ ಡೆಂಗಿ ಇದ್ದದ್ದು 67 ಜನರಿಗೆ. ಇಡದ ಕಡೆಯ 3,401 ಜನರಲ್ಲಿ 318 ಮಂದಿಗೆ. ಒಂದು ಬೀದಿಯ ಸೊಳ್ಳೆ ಇನ್ನೊಂದು ಬೀದಿಗೆ ಹಾರಿ, ಜನ ಅತ್ತಿಂದಿತ್ತ ಓಡಾಡಿ ಲೆಕ್ಕ ಕಲಸಿಹೋಗುವ ಪಟ್ಟಣದಲ್ಲೂ ಇಷ್ಟು ವ್ಯತ್ಯಾಸ. ಫಾಗಿಂಗ್ ಯಂತ್ರದ ಹೊಗೆಗೆ ಇಂಥ ಪರೀಕ್ಷೆಯ ಬೆಂಬಲ ಇಲ್ಲ. ಬೀದಿ ತುಂಬ ಹೊಗೆ ಎದ್ದಾಗ ಏನೋ ಆಯಿತು ಎಂಬ ಸಮಾಧಾನ ಸಿಗುತ್ತದೆ, ಅಷ್ಟೆ.

ಎಲ್ಲ ಕಡೆಯೂ ಇದು ಹೂವಿನ ಹಾದಿಯಾಗಿರಲಿಲ್ಲ. ರಿಯೊ ಡಿ ಜನೈರೊದಲ್ಲಿ ಮೊದಲು ಬಿಟ್ಟ ಸೊಳ್ಳೆಗಳು ನಿರ್ನಾಮವಾದವು. ಬ್ರೆಜಿಲ್‌ನ ಜನ ಮನೆಯೊಳಗೆ ಕೀಟನಾಶಕ ಸಿಂಪಡಿಸಿ ಸಿಂಪಡಿಸಿ ಅಲ್ಲಿನ ಸೊಳ್ಳೆಗಳು ಅದನ್ನು ಅರಗಿಸಿಕೊಳ್ಳಲು ಕಲಿತಿದ್ದವು. ಪ್ರಯೋಗಾಲಯದ ಸೊಳ್ಳೆಗಳಿಗೆ ಆ ತಾಕತ್ತಿರಲಿಲ್ಲ. ಸ್ಥಳೀಯ ಸೊಳ್ಳೆಗಳ ಜೊತೆ ಸಂಕರ ಮಾಡಿ ಬಿಟ್ಟ ಮೇಲಷ್ಟೇ ಗೆದ್ದರು. ಇನ್ನೊಂದು ತೊಡಕು ಸೆಕೆ. ಆಸ್ಟ್ರೇಲಿಯಾ ಮತ್ತು ಯೋಗ್ಯಕರ್ತಾದಲ್ಲಿ ಬಳಸಿದ ತಳಿಗೆ ಬಿಸಿ ತಡೆಯುವುದಿಲ್ಲ. 2018ರ ನವೆಂಬರ್‌ನಲ್ಲಿ ಕೇರ್ನ್ಸ್‌ನ ತಾಪಮಾನ 42 ಡಿಗ್ರಿ ದಾಟಿದಾಗ ಸೊಳ್ಳೆ ಮರಿಗಳಲ್ಲಿ ಬ್ಯಾಕ್ಟೀರಿಯಾದ ಪ್ರಮಾಣ ಕುಸಿಯಿತು, ಆಮೇಲೆ ಚೇತರಿಸಿಕೊಂಡಿತು. ಮಲೇಷ್ಯಾದವರು ಆಲ್ಬೊಪಿಕ್ಟಸ್ ಸೊಳ್ಳೆಯಿಂದ ತೆಗೆದ, ಬಿಸಿ ತಾಳುವ ತಳಿಯನ್ನು ಆರಿಸಿಕೊಂಡರು. ಅಲ್ಲಿ ಡೆಂಗಿ ಇಳಿದದ್ದು ಶೇ 40ರಷ್ಟು. ಮೇ ತಿಂಗಳ ರಾಯಚೂರು, ಕಲಬುರಗಿಯನ್ನು ಬಲ್ಲವರಿಗೆ ಯಾವ ತಳಿ ಎಂಬ ಪ್ರಶ್ನೆ ಸಣ್ಣದಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ಸಿಂಗಪುರದ ದಾರಿ ಮತ್ತೊಂದು. ಅಲ್ಲಿ ಕಚ್ಚದ ಗಂಡು ಸೊಳ್ಳೆಗಳನ್ನಷ್ಟೇ ನಿರಂತರವಾಗಿ ಬಿಟ್ಟು ಸೊಳ್ಳೆಯ ಸಂಖ್ಯೆಯನ್ನೇ ತಗ್ಗಿಸುತ್ತಾರೆ. ದುಡ್ಡಿರುವ ಪುಟ್ಟ ದೇಶಕ್ಕೆ ಅದು ಸರಿ.

ಹುಳುವಿನೊಳಗೆ ಬೇರೆಯೇ ಅವತಾರ

ಇಲ್ಲಿಗೆ ವೊಲ್ಬಾಕಿಯಾದ ಕಥೆ ಮುಗಿದರೆ ಅದನ್ನು 'ಒಳ್ಳೆಯ ಬ್ಯಾಕ್ಟೀರಿಯಾ' ಎಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಆನೆಕಾಲು ರೋಗ ತರುವ ದಾರದಂಥ ಹುಳುಗಳಲ್ಲೂ ಅದು ಇದೆ. ಅಲ್ಲಿ ಅದು ಕಳ್ಳನಲ್ಲ, ಒಂದು ಅಂಗವೇ ಆಗಿಬಿಟ್ಟಿದೆ. ಅದಿಲ್ಲದೆ ಹುಳುವಿಗೆ ಸಂತಾನವಿಲ್ಲ, ಹೆಚ್ಚು ಕಾಲ ಬದುಕೂ ಇಲ್ಲ. 1970ರ ದಶಕದಲ್ಲೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹುಳುವಿನೊಳಗೆ ಬ್ಯಾಕ್ಟೀರಿಯಾ ಕಂಡಿದ್ದರೂ ಅದರ ಮಹತ್ವ ಹೊಳೆದದ್ದು 1990ರ ದಶಕದಲ್ಲಿ. ಹುಳುವನ್ನು ಕೊಲ್ಲುವ ಬದಲು ಅದರೊಳಗಿನ ಬ್ಯಾಕ್ಟೀರಿಯಾವನ್ನು ಕೊಂದರೆ? ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಡಾಕ್ಸಿಸೈಕ್ಲಿನ್ ಅದನ್ನು ಮಾಡುತ್ತದೆ. ತಾಂಜಾನಿಯಾದಲ್ಲಿ ಎಂಟು ವಾರ ಈ ಔಷಧಿ ಕೊಟ್ಟಾಗ ರೋಗಿಗಳ ದೇಹದಲ್ಲಿನ ಬಲಿತ ಹುಳುಗಳೇ ಸತ್ತವು ಎಂದು 2005ರಲ್ಲಿ 'ಲ್ಯಾನ್ಸೆಟ್' ವರದಿ ಮಾಡಿತು. ಎಂಟು ವಾರ ದಿನವೂ ಮಾತ್ರೆ ನುಂಗಿಸುವುದು, ಅದೂ ಗರ್ಭಿಣಿಯರಿಗೆ ಮತ್ತು ಚಿಕ್ಕ ಮಕ್ಕಳಿಗೆ ಕೊಡಬಾರದ ಮಾತ್ರೆಯನ್ನು, ಇಡೀ ಊರಿಗೇ ಆಗುವ ಮಾತಲ್ಲ. ಹಾಗಾಗಿ ಯಾದಗಿರಿಯಂಥ ಜಿಲ್ಲೆಗಳಲ್ಲಿ ಸಾಮೂಹಿಕವಾಗಿ ಕೊಡುವುದು ಹುಳುವನ್ನೇ ಗುರಿಯಾಗಿಸಿದ ಡಿಇಸಿ, ಅಲ್ಬೆಂಡಜೋಲ್, ಐವರ್ಮೆಕ್ಟಿನ್ ಮಾತ್ರೆಗಳನ್ನು.

ಆ ಹುಳುವನ್ನು ನಮ್ಮಲ್ಲಿ ಹೊತ್ತು ತರುವುದು ಚರಂಡಿಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ. ಅದರೊಳಗೂ ವೊಲ್ಬಾಕಿಯಾ ಇದೆ, ಹುಳುವಿನದಕ್ಕಿಂತ ಬೇರೆ ವಂಶದ್ದು. ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಈ ಸೊಳ್ಳೆಯಿಂದ ನಾವೆಲ್ಲ ಹುಟ್ಟಿದಂದಿನಿಂದ ಕಚ್ಚಿಸಿಕೊಂಡಿದ್ದೇವೆ. ವೊಲ್ಬಾಕಿಯಾ ಹೊತ್ತ ಸೊಳ್ಳೆ ಕಚ್ಚಿದರೆ ಮನುಷ್ಯರಿಗೆ ಏನಾದೀತು ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಪುರಾವೆ ಕೊಡುವುದು ಕಷ್ಟ. ಮನುಷ್ಯರ ದೇಹದಲ್ಲಿ ಅದು ನೆಲೆಯೂರುವುದಿಲ್ಲ.

ಆದರೂ ಆ ಪ್ರಶ್ನೆ ಭಾರತದಲ್ಲಿ ಬಂದೇ ಬರುತ್ತದೆ, ಬರಬೇಕು ಕೂಡ. ಅದಕ್ಕೊಂದು ಇತಿಹಾಸವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಹಿಂದೆ ದೆಹಲಿಯಲ್ಲಿ ಸೊಳ್ಳೆಗಳ ಆನುವಂಶಿಕ ನಿಯಂತ್ರಣಕ್ಕೆಂದು ಒಂದು ಘಟಕ ನಡೆಸುತ್ತಿದ್ದವು. ಕ್ಯೂಲೆಕ್ಸ್ ಸೊಳ್ಳೆಯ ಮೇಲೆ ವೊಲ್ಬಾಕಿಯಾದ, ಮೊಟ್ಟೆ ಒಡೆಯದಂತೆ ಮಾಡುವ ಗುಣವನ್ನು ಸುತ್ತಲ ಹಳ್ಳಿಗಳಲ್ಲಿ ಅಲ್ಲಿಯವರು ಪರೀಕ್ಷಿಸಿದ್ದರು. ಹಣ ಅಮೆರಿಕದ್ದು. 1975ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಈಡಿಸ್ ಸೊಳ್ಳೆ ಬಿಡಲು ಸಿದ್ಧತೆ ನಡೆದಿತ್ತು. ಭಾರತದಲ್ಲಿ ಇಲ್ಲದ ಹಳದಿ ಜ್ವರವನ್ನು ಹರಡಬಲ್ಲ ಸೊಳ್ಳೆಯ ಮೇಲೆ ಅಮೆರಿಕಕ್ಕೆ ಯಾಕೆ ಇಷ್ಟು ಆಸಕ್ತಿ, ಇದು ಜೈವಿಕ ಯುದ್ಧದ ತಯಾರಿಯೇ ಎಂದು ಪತ್ರಿಕೆಗಳು ಕೇಳಿದವು. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಆಕ್ಷೇಪವೆತ್ತಿತು. ವಿಶ್ವ ಆರೋಗ್ಯ ಸಂಸ್ಥೆ ಆರೋಪವನ್ನು ತಳ್ಳಿಹಾಕಿತಾದರೂ ಘಟಕಕ್ಕೆ ಬೀಗ ಬಿತ್ತು. ಅನುಮಾನ ಸರಿಯೋ ತಪ್ಪೋ, ಅದು ಬೆಳೆಯಲು ಗೊಬ್ಬರ ಹಾಕಿದ್ದು ಜನರಿಗೆ ಏನನ್ನೂ ಬಿಚ್ಚಿ ಹೇಳದ ಸರ್ಕಾರಿ ಬಿಗುಮಾನ ಎಂಬುದು ನನ್ನ ಅಭಿಪ್ರಾಯ.

ಈಗ ಚೆಂಡು ಪುದುಚೇರಿಯಲ್ಲಿದೆ. ಅಲ್ಲಿರುವ ಐಸಿಎಂಆರ್‌ನ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಿಂದ ಮೊಟ್ಟೆ ತರಿಸಿ, ಪುದುಚೇರಿಯ ಸೊಳ್ಳೆಗಳ ಜೊತೆ ತಲೆಮಾರುಗಟ್ಟಲೆ ಸಂಕರ ಮಾಡಿ, ವೊಲ್ಬಾಕಿಯಾ ಹೊತ್ತ ಎರಡು ಈಡಿಸ್ ತಳಿಗಳನ್ನು ಬೆಳೆಸಿತು. ಒಂದರಲ್ಲಿ ಯೋಗ್ಯಕರ್ತಾದಲ್ಲಿ ಬಳಸಿದ ಬ್ಯಾಕ್ಟೀರಿಯಾ, ಇನ್ನೊಂದರಲ್ಲಿ ಮಲೇಷ್ಯಾದ ಬಿಸಿ ತಾಳುವ ಬ್ಯಾಕ್ಟೀರಿಯಾ. ಎರಡೂ ಸಿದ್ಧವಾಗಿವೆಯೆಂದು 2022ರ ಜುಲೈನಲ್ಲಿ ಪ್ರಕಟಿಸಿತು. ಪ್ರಯೋಗಾಲಯದ ಆಚೆಗೆ ಅವನ್ನು ಬಿಡಬೇಕಾದರೆ ಸರ್ಕಾರದ ಅನುಮತಿ ಬೇಕು.

ಆ ಅನುಮತಿಗೆ ಒತ್ತಾಯಿಸಬೇಕಾದವರಲ್ಲಿ ನಾವೂ ಇದ್ದೇವೆ. ಪ್ರತಿ ಮಳೆಗಾಲದಲ್ಲೂ ಪ್ಲೇಟ್‌ಲೆಟ್ ಎಣಿಸುತ್ತ, ಪಪ್ಪಾಯಿ ಎಲೆಯ ರಸ ಹಿಂಡುತ್ತ ಕೂರುವ ಊರುಗಳ ಪಾಲಿಕೆಗಳು, ಶಾಸಕರು, ಆರೋಗ್ಯ ಇಲಾಖೆ ಇದನ್ನು ಕೇಳಬೇಕು. ಯೋಗ್ಯಕರ್ತಾದಂತೆ ಬಡಾವಣೆಗಳನ್ನು ಚೀಟಿ ಎತ್ತಿ ಆರಿಸಿ, ಯಾವ ತಳಿ, ಯಾರ ಹಣ, ಏನು ಅಪಾಯ ಎಂಬುದನ್ನು ಕನ್ನಡದಲ್ಲಿ ಬರೆದು ಮನೆಮನೆಗೆ ಹಂಚಿ, ಒಪ್ಪಿಗೆ ಪಡೆದು, ಫಲಿತಾಂಶ ಏನೇ ಬಂದರೂ ಪ್ರಕಟಿಸುವ ಬಹಿರಂಗ ಪರೀಕ್ಷೆ ನಡೆಯಲಿ. ಕೆಲಸ ಮಾಡದಿದ್ದರೆ ಕೈಬಿಡೋಣ. ಪರೀಕ್ಷಿಸದೆ ಬಿಡುವುದಕ್ಕೆ ಮಾತ್ರ ಕಾರಣ ಉಳಿದಿಲ್ಲ.